ವರ್ಚುವಲ್‌ಬಾಕ್ಸ್‌ನಲ್ಲಿ ಉಬುಂಟು ವಿಪರೀತ ನಿಧಾನ: ಕೆಳಗಿನ ಪಟ್ಟಿಯಲ್ಲಿ ಕಾಣುವ ಹಸಿರು ಆಮೆಯ ಅರ್ಥವೇನು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಲ್ಯಾಪ್‌ಟಾಪ್‌ನಲ್ಲಿರುವ ವಿಂಡೋಸ್ 11 ಅನ್ನು ಹಾಗೆಯೇ ಇಟ್ಟುಕೊಂಡು ಲಿನಕ್ಸ್ ಕಲಿಯಬೇಕೆಂಬ ಆಸೆಯಿಂದ, ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ (ವರ್ಚುವಲ್ ಯಂತ್ರ) ಇರುವಂತೆ ನಡೆಸುವ ವರ್ಚುವಲ್‌ಬಾಕ್ಸ್ ತಂತ್ರಾಂಶವನ್ನು ಅಳವಡಿಸಿ, ಅದರೊಳಗೆ ಲಿನಕ್ಸ್‌ನ ಒಂದು ರೂಪವಾದ ಉಬುಂಟು 24.04 ಸ್ಥಾಪಿಸಿದ್ದೇನೆ. ಯಂತ್ರದಲ್ಲಿ 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಹಾಗೂ ನಾಲ್ಕು ಕೋರ್‌ಗಳ ಇಂಟೆಲ್ ಪ್ರೊಸೆಸರ್ ಇವೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ ಎಂಟು ಲಾಜಿಕಲ್ ಪ್ರೊಸೆಸರ್‌ಗಳು ಕಾಣುತ್ತವೆ. ಕೊಟ್ಟಷ್ಟೂ ವೇಗ ಹೆಚ್ಚುತ್ತದೆ ಎಂದು ಭಾವಿಸಿ ವರ್ಚುವಲ್ ಯಂತ್ರಕ್ಕೆ 6 ಜಿಬಿ ಮೆಮೊರಿಯನ್ನೂ ಎಂಟು ಪ್ರೊಸೆಸರ್‌ಗಳನ್ನೂ ಕೊಟ್ಟಿದ್ದೇನೆ.

ಸ್ಥಾಪನೆ ಯಾವ ತೊಡಕೂ ಇಲ್ಲದೆ ಮುಗಿಯಿತಾದರೂ ಬಳಸಲು ಕುಳಿತರೆ ತಾಳ್ಮೆ ಕೆಡುತ್ತದೆ. ಟರ್ಮಿನಲ್ ತೆರೆಯುವುದಕ್ಕೇ ಅರ್ಧ ನಿಮಿಷ ಹಿಡಿಯುತ್ತದೆ, ಟೈಪಿಸಿದ ಅಕ್ಷರಗಳು ತಡವಾಗಿ ಮೂಡುತ್ತವೆ, ಸ್ವಲ್ಪ ಹೊತ್ತಿನಲ್ಲಿ ವಿಂಡೋಸ್ ಕೂಡ ಮೌಸ್ ಅಲುಗಿಸಲಾಗದಷ್ಟು ಜಡವಾಗುತ್ತದೆ. ಉಬುಂಟುವಿನ ಪರದೆ ಕಿಟಕಿಯ ನಡುವೆ ಪುಟ್ಟ ಚೌಕದಂತೆ ನಿಂತಿದ್ದು, ಕಿಟಕಿಯನ್ನು ಎಷ್ಟು ಹಿಗ್ಗಿಸಿದರೂ ಅದು ಹಿಗ್ಗುವುದಿಲ್ಲ. ಇನ್ನೊಂದು ಸಂಗತಿಯೂ ಕಣ್ಣಿಗೆ ಬಿದ್ದಿದೆ: ಕಿಟಕಿಯ ಕೆಳಗಿನ ಪಟ್ಟಿಯ ಬಲಭಾಗದಲ್ಲಿ ಹಸಿರು ಬಣ್ಣದ ಆಮೆಯ ಚಿತ್ರವೊಂದಿದೆ. ಬೇರೆಯವರ ಯಂತ್ರಗಳ ಚಿತ್ರಗಳನ್ನು ನೋಡಿದಾಗ ಆ ಜಾಗದಲ್ಲಿ ಆಮೆಯ ಬದಲು ಬೇರೆ ಗುರುತು ಕಂಡಿತು.

ಇದು ನನ್ನ ಯಂತ್ರದ ಬಲಹೀನತೆಯೋ ಅಥವಾ ನಾನು ಮಾಡಿರುವ ಜೋಡಣೆಯ ದೋಷವೋ ತಿಳಿಯುತ್ತಿಲ್ಲ. ಡಿಸ್ಕನ್ನು ವಿಭಾಗಿಸಿ ಎರಡೂ ಆಪರೇಟಿಂಗ್ ಸಿಸ್ಟಂಗಳನ್ನು ಅಕ್ಕಪಕ್ಕ ಸ್ಥಾಪಿಸಿಕೊಳ್ಳುವುದೇ ಒಳಿತು ಎಂದು ಕೆಲವರು ಹೇಳುತ್ತಾರೆ. ಆದರೆ ಆ ಕೆಲಸದಲ್ಲಿ ಕೈತಪ್ಪಿ ವಿಂಡೋಸ್ ಕಳೆದುಕೊಂಡರೆ ನನ್ನ ಎಲ್ಲ ಕಡತಗಳೂ ಹೋಗುತ್ತವೆ ಎಂಬ ಭಯವಿದೆ. ಬಲ್ಲವರು ದಯವಿಟ್ಟು ಕಾರಣವನ್ನು ವಿವರಿಸಿ ತಿಳಿಸಬೇಕೆಂದು ಕೋರುತ್ತೇನೆ. ಪರಿಹಾರ ಸಿಕ್ಕರೆ ಸಾಲದು, ಹೀಗಾಗುವುದೇಕೆ ಎಂಬುದೂ ನನಗೆ ಅರ್ಥವಾಗಬೇಕು.

ಮೊದಲ ಉತ್ತರ

ಇದು ಬಹಳ ಸಾಮಾನ್ಯವಾದ ತೊಂದರೆ. ಯಂತ್ರವನ್ನು ಮರಳಿ ಶುರುಮಾಡಿ, ಬಯೋಸ್‌ನ (ವಿಂಡೋಸ್‌ಗೂ ಮುನ್ನ ಯಂತ್ರವನ್ನು ಆರಂಭಿಸುವ ತಂತ್ರಾಂಶ) ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿ ವರ್ಚುವಲೈಸೇಶನ್‌ಗೆ, ಅಂದರೆ ವರ್ಚುವಲ್ ಯಂತ್ರಗಳಿಗೆ ಪ್ರೊಸೆಸರ್ ಕೊಡುವ ನೆರವಿಗೆ, ಸಂಬಂಧಿಸಿದ ಆಯ್ಕೆಯನ್ನು ತೆರೆಯಿರಿ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಅದು ವಿಟಿ-ಎಕ್ಸ್ ಎಂದೋ ಇಂಟೆಲ್ ವರ್ಚುವಲೈಸೇಶನ್ ಟೆಕ್ನಾಲಜಿ ಎಂದೋ ಇರುತ್ತದೆ. ಎಎಂಡಿ ಪ್ರೊಸೆಸರ್‌ಗಳಲ್ಲಿ ಎಸ್‌ವಿಎಂ ಎಂಬ ಹೆಸರಿನಲ್ಲಿರುತ್ತದೆ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಮುಚ್ಚಿಯೇ ಕೊಟ್ಟಿರುತ್ತಾರೆ.

ಪ್ರಶ್ನೆ ಕೇಳಿದವರು

ಉತ್ತರಕ್ಕೆ ಧನ್ಯವಾದಗಳು. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ವಿಭಾಗವನ್ನು ನೋಡಿದೆ. ವರ್ಚುವಲೈಸೇಶನ್ ಎಂಬುದರ ಮುಂದೆ ಎನೇಬಲ್ಡ್ ಎಂದೇ ಇದೆ. ಹಾಗಿದ್ದ ಮೇಲೆ ಬಯೋಸ್‌ನಲ್ಲಿ ಬದಲಿಸುವುದಕ್ಕೆ ಏನೂ ಉಳಿದಿಲ್ಲ ಎಂದುಕೊಳ್ಳುತ್ತೇನೆ.

ಎರಡನೆಯ ಉತ್ತರ

ನೀವು ಅಂದುಕೊಂಡದ್ದು ಸರಿ, ನಿಮ್ಮ ವಿಷಯದಲ್ಲಿ ಬಯೋಸ್‌ಗೆ ಹೋಗುವ ಅಗತ್ಯವಿಲ್ಲ. ಆ ಆಮೆಯೇ ಅದಕ್ಕೆ ಸಾಕ್ಷಿ. ಪ್ರೊಸೆಸರ್‌ನ ನೆರವಿಲ್ಲದೆ ಬರೀ ತಂತ್ರಾಂಶದ ಬಲದಿಂದ ವರ್ಚುವಲ್ ಯಂತ್ರವನ್ನು ನಡೆಸುವ ವಿಧಾನವನ್ನು ವರ್ಚುವಲ್‌ಬಾಕ್ಸ್ 2019ರ ಡಿಸೆಂಬರ್‌ನಲ್ಲಿ ಬಂದ 6.1 ಆವೃತ್ತಿಯಲ್ಲಿಯೇ ಕೈಬಿಟ್ಟಿದೆ. ವಿಟಿ-ಎಕ್ಸ್ ಮುಚ್ಚಿದ್ದಿದ್ದರೆ ನಿಮ್ಮ ಉಬುಂಟು ನಿಧಾನವಾಗುವ ಮಾತು ಹಾಗಿರಲಿ, ಶುರುವೇ ಆಗುತ್ತಿರಲಿಲ್ಲ. ವಿಟಿ-ಎಕ್ಸ್ ತೆರೆದಿದೆ, ಆದರೆ ಅದನ್ನು ಈಗಾಗಲೇ ಇನ್ನೊಂದು ತಂತ್ರಾಂಶ ಹಿಡಿದುಕೊಂಡಿದೆ ಎಂಬುದು ಆಮೆಯ ಅರ್ಥ. ಆ ಇನ್ನೊಂದು ತಂತ್ರಾಂಶ ವಿಂಡೋಸ್‌ನದೇ ಭಾಗವಾದ, ವರ್ಚುವಲ್ ಯಂತ್ರಗಳನ್ನು ನಡೆಸುವ ಹೈಪರ್-ವಿ.

ಕಾರಣವೂ ಬೇಕು ಎಂದಿರಿ, ಆದ್ದರಿಂದ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಒಂದು ಯಂತ್ರದೊಳಗೆ ಹಲವು ಯಂತ್ರಗಳಿರುವಂತೆ ತೋರಿಸುವ ವಿದ್ಯೆ ಹೊಸದಲ್ಲ; ಐಬಿಎಂ ಸಂಸ್ಥೆಯ ಸಿಪಿ-40 ಎಂಬ ವ್ಯವಸ್ಥೆ 1967ರಲ್ಲಿಯೇ ಇದನ್ನು ಮಾಡುತ್ತಿತ್ತು. ಇಂಥ ವ್ಯವಸ್ಥೆಗೆ ಯಂತ್ರಾಂಶ ಹೇಗಿರಬೇಕು ಎಂಬುದನ್ನು ಜೆರಾಲ್ಡ್ ಪೊಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಅವರು 1974ರಲ್ಲಿ ಸ್ಪಷ್ಟವಾಗಿ ನಿರೂಪಿಸಿದರು. ಅವರ ನಿಯಮದ ತಿರುಳನ್ನು ಹೀಗೆ ಹೇಳಬಹುದು: ಇಡೀ ಯಂತ್ರದ ಸ್ಥಿತಿಯನ್ನು ಮುಟ್ಟುವಂಥ ಯಾವುದೇ ಆದೇಶವನ್ನು ಒಳಗಿನ ಅತಿಥಿ ವ್ಯವಸ್ಥೆ ಕೊಟ್ಟಾಗ, ಪ್ರೊಸೆಸರ್ ಅಲ್ಲಿಯೇ ತಡೆದು ಮೇಲ್ವಿಚಾರಕ ತಂತ್ರಾಂಶಕ್ಕೆ ಒಪ್ಪಿಸಬೇಕು. ನಮ್ಮ ಪಿಸಿಗಳಲ್ಲಿರುವ ಎಕ್ಸ್86 ಪ್ರೊಸೆಸರ್‌ಗಳು ಈ ನಿಯಮವನ್ನು ಬಹುಕಾಲ ಪಾಲಿಸಲಿಲ್ಲ. ಪಾಪ್‌ಎಫ್ ಎಂಬ ಆದೇಶವನ್ನೇ ತೆಗೆದುಕೊಳ್ಳಿ: ಅಧಿಕಾರವಿಲ್ಲದ ಸ್ಥಿತಿಯಲ್ಲಿ ಅದರ ಮೂಲಕ ಇಂಟರಪ್ಟ್‌ಗಳನ್ನು (ನಡೆಯುತ್ತಿರುವ ಕೆಲಸವನ್ನು ತಡೆದು ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತಗಳನ್ನು) ನಿಲ್ಲಿಸಲು ಹೋದರೆ ಪ್ರೊಸೆಸರ್ ತಡೆಯುವುದೂ ಇಲ್ಲ, ದೂರು ಕೊಡುವುದೂ ಇಲ್ಲ, ಆ ಬದಲಾವಣೆಯನ್ನು ಸುಮ್ಮನೆ ಕಡೆಗಣಿಸಿ ಮುಂದೆ ಹೋಗುತ್ತದೆ. ಒಳಗಿನ ಆಪರೇಟಿಂಗ್ ಸಿಸ್ಟಂ ಇಂಟರಪ್ಟ್‌ಗಳು ನಿಂತಿವೆ ಎಂದು ನಂಬಿರುತ್ತದೆ, ವಾಸ್ತವದಲ್ಲಿ ನಿಂತಿರುವುದಿಲ್ಲ, ಮೇಲ್ವಿಚಾರಕನಿಗೆ ಸುದ್ದಿಯೂ ಮುಟ್ಟಿರುವುದಿಲ್ಲ. 1999ರಲ್ಲಿ ಬಂದ ವಿಎಂವೇರ್ ವರ್ಕ್‌ಸ್ಟೇಷನ್ ಇಂಥ ಆದೇಶಗಳನ್ನು ಓಡುವ ಮುನ್ನವೇ ಪತ್ತೆಹಚ್ಚಿ, ಬೇರೆ ಆದೇಶಗಳಾಗಿ ತಿದ್ದಿ ಬರೆಯುವ ಉಪಾಯದಿಂದ ಈ ಕೊರತೆಯನ್ನು ದಾಟಿತು. ಆ ಕಾಲದ ತಂತ್ರಾಂಶಗಳಲ್ಲಿ ನಾನು ಅತ್ಯಂತ ಗೌರವದಿಂದ ನೆನೆಯುವ ಕೆಲಸ ಅದು. ಕೊನೆಗೆ ಇಂಟೆಲ್ 2005ರಲ್ಲಿ ವಿಟಿ-ಎಕ್ಸ್ ಮೂಲಕ, ಎಎಂಡಿ 2006ರಲ್ಲಿ ಎಎಂಡಿ-ವಿ ಮೂಲಕ, ಅತಿಥಿ ವ್ಯವಸ್ಥೆಗಳಿಗೆಂದೇ ಪ್ರತ್ಯೇಕವಾದ ಸ್ಥಿತಿಯೊಂದನ್ನು ಪ್ರೊಸೆಸರ್‌ನೊಳಗೆ ಇಟ್ಟವು.

ಈ ಏರ್ಪಾಟಿನಲ್ಲಿ ಮೇಲ್ವಿಚಾರಕನ ಪೀಠ ಒಂದೇ. ಹೈಪರ್-ವಿ ಚಾಲನೆಯಲ್ಲಿದ್ದರೆ ನೀವು ದಿನವೂ ಬಳಸುವ ವಿಂಡೋಸ್ ಕೂಡ ಅದರ ಮೇಲೆಯೇ ಓಡುತ್ತಿರುತ್ತದೆ. ವರ್ಚುವಲ್‌ಬಾಕ್ಸ್‌ಗೆ ಆ ಪೀಠ ಸಿಗುವುದಿಲ್ಲವಾದ್ದರಿಂದ ಅದು ಹೈಪರ್-ವಿಯ ಮೂಲಕ ವಿನಂತಿಸಿಕೊಂಡು ಕೆಲಸ ಮಾಡಿಸಿಕೊಳ್ಳಬೇಕಾಗುತ್ತದೆ. ನೀವು ಹೈಪರ್-ವಿಯನ್ನು ಕೈಯಾರೆ ಅಳವಡಿಸದೇ ಇದ್ದರೂ ಅದು ಚಾಲನೆಯಲ್ಲಿರಬಹುದು. ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಶನ್ ಪುಟದಲ್ಲಿರುವ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆ, ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿರುವ ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್, ಲಿನಕ್ಸ್‌ಗಾಗಿ ವಿಂಡೋಸ್ ಒದಗಿಸುವ ಡಬ್ಲ್ಯುಎಸ್‌ಎಲ್ 2, ಇವೆಲ್ಲವೂ ಅದನ್ನೇ ಅವಲಂಬಿಸಿವೆ.

ಆದರೂ ಆಮೆಯನ್ನು ಓಡಿಸುವುದಕ್ಕೆ ಈಗಲೇ ಹೊರಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಆಮೆಯಿಂದ ವೇಗ ತಗ್ಗುವುದು ನಿಜ, ಆದರೆ ವಿಂಡೋಸ್ ಕೂಡ ಜಡವಾಗುವುದಕ್ಕೆ ಅದು ಕಾರಣವಾಗಲಾರದು. ಅದಕ್ಕೆ ಕಾರಣ ನೀವು ಕೊಟ್ಟಿರುವ 6 ಜಿಬಿ. ವರ್ಚುವಲ್ ಯಂತ್ರ ಓಡುವಾಗ ಅದಕ್ಕೆ ಕೊಟ್ಟ ಮೆಮೊರಿ ವಿಂಡೋಸ್‌ನ ಪಾಲಿನಿಂದಲೇ ಹೋಗುತ್ತದೆ. ಉಳಿದ 2 ಜಿಬಿಯಲ್ಲಿ ಗ್ರಾಫಿಕ್ಸ್‌ಗೂ ಒಂದಿಷ್ಟು ಹೋಗಿ, ಇನ್ನುಳಿದದ್ದರಲ್ಲಿ ವಿಂಡೋಸ್ 11 ಉಸಿರಾಡಬೇಕು. ಅದರ ಕನಿಷ್ಠ ಅಗತ್ಯವೇ 4 ಜಿಬಿ ಎಂದು ಅದನ್ನು ಹೊರತಂದವರೇ ಹೇಳಿದ್ದಾರೆ. ಸ್ಥಳ ಸಾಲದಾದಾಗ ವಿಂಡೋಸ್ ಮೆಮೊರಿಯ ಪುಟಗಳನ್ನು ಡಿಸ್ಕ್‌ಗೆ ಸಾಗಿಸಿ, ಬೇಕಾದಾಗ ಮರಳಿ ತರಲು ಆರಂಭಿಸುತ್ತದೆ. ಅಲ್ಲಿಂದ ಮುಂದೆ ಎರಡೂ ವ್ಯವಸ್ಥೆಗಳು ಡಿಸ್ಕ್‌ನ ದಾರಿ ಕಾಯುತ್ತ ನಿಲ್ಲುತ್ತವೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್‌ನ ಅಂಕಣ ಸದಾ ತುಂಬಿಯೇ ಇದ್ದರೆ ನನ್ನ ಊಹೆ ಸರಿಯೆಂದು ತಿಳಿಯಿರಿ.

ಎಂಟು ಪ್ರೊಸೆಸರ್‌ಗಳ ವಿಷಯವೂ ಹಾಗೆಯೇ. ನಿಮ್ಮಲ್ಲಿ ನಿಜವಾಗಿ ಇರುವುದು ನಾಲ್ಕು ಕೋರ್‌ಗಳು. ಎಂಟು ಎಂಬುದು ಒಂದೊಂದು ಕೋರ್ ಎರಡೆರಡು ಎಳೆಗಳನ್ನು ನಡೆಸುವುದರಿಂದ ಬಂದ ಲೆಕ್ಕ. ಅಷ್ಟನ್ನೂ ಅತಿಥಿಗೆ ಕೊಟ್ಟರೆ, ವಿಂಡೋಸ್ ತನ್ನ ಕೆಲಸಕ್ಕೆ ಒಂದು ಕೋರನ್ನು ತೆಗೆದುಕೊಂಡಾಗಲೆಲ್ಲ ಅತಿಥಿಯ ಯಾವುದೋ ಒಂದು ಪ್ರೊಸೆಸರ್ ನಡುದಾರಿಯಲ್ಲಿ ನಿಲ್ಲುತ್ತದೆ. ಒಂದು ಕಾಲಕ್ಕೆ ಒಬ್ಬರಷ್ಟೇ ಮುಟ್ಟಬೇಕಾದ ದತ್ತಾಂಶದ ಬೀಗ ಅದರ ಕೈಯಲ್ಲಿದ್ದರೆ ಉಳಿದವು ಅದಕ್ಕಾಗಿ ಕಾಯುತ್ತ ಸುಮ್ಮನೆ ಸುತ್ತುತ್ತವೆ. ಯಂತ್ರವನ್ನು ಪೂರ್ಣವಾಗಿ ನಿಲ್ಲಿಸಿ, ಮೆಮೊರಿಯನ್ನು 3 ಜಿಬಿಗೆ, ಅಂದರೆ 3072 ಎಂಬಿಗೆ ಇಳಿಸಿ, ಪ್ರೊಸೆಸರ್‌ಗಳನ್ನು ಎರಡಕ್ಕೆ ತನ್ನಿ. ಉಬುಂಟುವಿನ ಮುಖ್ಯ ಡೆಸ್ಕ್‌ಟಾಪ್‌ಗೆ 4 ಜಿಬಿ ಇದ್ದರೆ ಚೆನ್ನ ಎನ್ನುತ್ತಾರೆ. 3 ಜಿಬಿಯಲ್ಲಿ ಬಿಗಿಯಾಯಿತೆನ್ನಿಸಿದರೆ ಅದೇ ಬಳಗದ ಹಗುರವಾದ ಜುಬುಂಟು ಅಥವಾ ಲುಬುಂಟುವನ್ನು ಹಾಕಿಕೊಳ್ಳಿ. ಇಷ್ಟು ಮಾಡಿದ ಮೇಲೂ ಆಮೆ ಬಾಧಿಸಿದರೆ ಆಗ ಅದರ ಮಾತನಾಡೋಣ.

ಮೂರನೆಯ ಉತ್ತರ

ಮೆಮೊರಿಯ ಬಗ್ಗೆ ಎರಡನೆಯ ಉತ್ತರದಲ್ಲಿ ಹೇಳಿರುವುದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆಮೆಯ ಕುರಿತು ಒಂದು ಎಚ್ಚರಿಕೆ ಸೇರಿಸುತ್ತೇನೆ. ಹೈಪರ್-ವಿಯನ್ನು ನಿಲ್ಲಿಸಲು ಮೆಮೊರಿ ಇಂಟೆಗ್ರಿಟಿಯನ್ನು ಮುಚ್ಚಿ ಎಂದು ಎಲ್ಲ ಕಡೆಯೂ ಬರೆದಿರುತ್ತಾರೆ, ಆದರೆ ಅದು ಏಕಿದೆ ಎಂಬುದನ್ನು ಹೇಳುವುದಿಲ್ಲ. ದುರುದ್ದೇಶದ ಅಥವಾ ದೋಷಪೂರಿತವಾದ ಡ್ರೈವರ್‌ಗಳು ವಿಂಡೋಸ್‌ನ ಕರ್ನೆಲ್‌ಗೆ, ಅಂದರೆ ಅದರ ತಿರುಳಿಗೆ, ನುಗ್ಗದಂತೆ ಕಾಯುವ ಕೆಲಸ ಅದರದು. ಹಣದ ವ್ಯವಹಾರವನ್ನೂ ಖಾಸಗಿ ಕಡತಗಳನ್ನೂ ಇದೇ ವಿಂಡೋಸ್‌ನಲ್ಲಿ ಇಟ್ಟುಕೊಂಡಿರುವವರು, ಒಳಗಿನ ಲಿನಕ್ಸ್ ಕೊಂಚ ಚುರುಕಾಗಲಿ ಎಂಬ ಕಾರಣಕ್ಕೆ ಹೊರಗಿನ ಬಾಗಿಲ ಅಗುಳಿ ತೆಗೆಯುವುದು ನನಗೆ ಸರಿಕಾಣುವುದಿಲ್ಲ. ಮುಚ್ಚಲೇಬೇಕೆಂದಿದ್ದರೆ, ಡಿಸ್ಕನ್ನು ಗೂಢಲಿಪಿಯಲ್ಲಿಟ್ಟು ಕಾಯುವ ಬಿಟ್‌ಲಾಕರ್‌ನ ರಿಕವರಿ ಕೀಯನ್ನು ಮೊದಲೇ ಬೇರೆಡೆ ಬರೆದಿಟ್ಟುಕೊಳ್ಳಿ. ಯಂತ್ರದ ಆರಂಭಕ್ಕೆ ಸಂಬಂಧಿಸಿದ ಸೆಟ್ಟಿಂಗ್ಸ್ ಬದಲಾದಾಗ ಅದು ಆ ಕೀಯನ್ನು ಕೇಳುವ ಸಾಧ್ಯತೆಯಿರುತ್ತದೆ.

ಡಿಸ್ಕ್ ವಿಭಾಗಿಸಿ ಎರಡೂ ವ್ಯವಸ್ಥೆಗಳನ್ನು ಹಾಕಿಕೊಳ್ಳುವ ಡ್ಯುಯಲ್ ಬೂಟ್ ಬಗ್ಗೆ ಕೇಳಿದ್ದೀರಿ. ಅದರಲ್ಲಿ ಲಿನಕ್ಸ್‌ಗೆ ಇಡೀ ಯಂತ್ರವೇ ಸಿಗುತ್ತದೆ, ಆದ್ದರಿಂದ ವೇಗದ ಮಾತಿನಲ್ಲಿ ವರ್ಚುವಲ್ ಯಂತ್ರ ಅದಕ್ಕೆ ಸಾಟಿಯಲ್ಲ. ಆದರೆ ಒಂದು ಕಾಲಕ್ಕೆ ಒಂದೇ ವ್ಯವಸ್ಥೆ ಓಡುತ್ತದೆ, ವಿಭಾಗಿಸುವಾಗ ತಪ್ಪಿದರೆ ನೀವು ಹೆದರಿದಂತೆಯೇ ಆಗಬಹುದು, ಕಲಿಯುವವನು ಪ್ರಯೋಗ ಮಾಡಿ ಕೆಡಿಸಿದ್ದನ್ನು ಒಂದು ಗುಂಡಿ ಒತ್ತಿ ಹಿಂದಿನ ಸ್ಥಿತಿಗೆ ತರುವ ಸೌಲಭ್ಯವೂ ಅಲ್ಲಿಲ್ಲ. ಕಲಿಕೆಯ ಮೊದಲ ವರ್ಷಕ್ಕೆ ಧಾರಾಳವಾಗಿ ಕೆಡಿಸಲು ಅವಕಾಶವಿರುವ ಜಾಗವೇ ಒಳ್ಳೆಯದು ಎಂಬುದು ನನ್ನ ನಂಬಿಕೆ.

ಇನ್ನೊಂದು ದಾರಿಯನ್ನು ಯಾರೂ ಹೇಳಲಿಲ್ಲ. ನಿಮಗೆ ಬೇಕಾಗಿರುವುದು ಟರ್ಮಿನಲ್ ಆದೇಶಗಳು, ಕಂಪೈಲರ್, ಸಣ್ಣದೊಂದು ವೆಬ್ ಸರ್ವರ್, ಇಷ್ಟೇ ಆಗಿದ್ದರೆ ಡಬ್ಲ್ಯುಎಸ್‌ಎಲ್ 2 ಸಾಕು. 2020ರಿಂದ ವಿಂಡೋಸ್‌ನೊಂದಿಗೆ ಬರುತ್ತಿರುವ ಇದು ಸ್ವತಃ ಹಗುರವಾದ ಒಂದು ವರ್ಚುವಲ್ ಯಂತ್ರ. ನಿಜವಾದ ಲಿನಕ್ಸ್ ಕರ್ನೆಲ್ಲೇ ಅದರಲ್ಲಿ ಓಡುತ್ತದೆ, ಹೈಪರ್-ವಿಯ ಮೇಲೆಯೇ ನಿಂತಿರುವುದರಿಂದ ಪೀಠಕ್ಕಾಗಿ ಜಗಳವೂ ಇಲ್ಲ, ವಿಂಡೋಸ್‌ನ ಹೋಮ್ ಆವೃತ್ತಿಯಲ್ಲೂ ನಡೆಯುತ್ತದೆ. ಆದರೆ ಲಿನಕ್ಸ್ ಸ್ಥಾಪಿಸುವುದು ಹೇಗೆ, ಡಿಸ್ಕ್ ವಿಭಾಗಗಳು ಹೇಗಿರುತ್ತವೆ, ಗುಂಡಿ ಒತ್ತಿದ ಕ್ಷಣದಿಂದ ಲಾಗಿನ್ ಪರದೆಯವರೆಗೆ ಏನೇನು ನಡೆಯುತ್ತದೆ ಎಂಬುದನ್ನು ಕಲಿಯುವ ಆಸೆಯಿದ್ದರೆ ಡಬ್ಲ್ಯುಎಸ್‌ಎಲ್ ಅವನ್ನೆಲ್ಲ ಮರೆಮಾಡಿಬಿಡುತ್ತದೆ, ಆಗ ಪೂರ್ಣ ವರ್ಚುವಲ್ ಯಂತ್ರವೇ ಬೇಕು. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ಕೂಡ 2024ರ ನವೆಂಬರ್‌ನಿಂದ ಎಲ್ಲರಿಗೂ ಉಚಿತವಾಗಿದೆ, ಅದೂ ಹೈಪರ್-ವಿಯೊಂದಿಗೆ ಹೊಂದಿಕೊಂಡು ಹೋಗಬಲ್ಲದು. ಆದರೆ ಮೆಮೊರಿಯ ಲೆಕ್ಕ ಯಾವ ತಂತ್ರಾಂಶಕ್ಕೆ ಹೋದರೂ ಬದಲಾಗದು.

ನಾಲ್ಕನೆಯ ಉತ್ತರ

ಪರದೆ ಚಿಕ್ಕದಾಗಿರುವ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಅಷ್ಟನ್ನು ನಾನು ಹೇಳುತ್ತೇನೆ. ಒಳಗಿನ ಉಬುಂಟುವಿಗೆ ತಾನು ಒಂದು ಕಿಟಕಿಯೊಳಗೆ ಇದ್ದೇನೆಂಬುದು ಗೊತ್ತಿರುವುದಿಲ್ಲ. ತನಗೊಂದು ಮಾನಿಟರ್ ಇದೆ ಎಂದಷ್ಟೇ ಅದು ತಿಳಿದಿರುತ್ತದೆ. ಕಿಟಕಿ ಹಿಗ್ಗಿತು ಎಂಬ ಸುದ್ದಿಯನ್ನು ಒಳಗೆ ಮುಟ್ಟಿಸುವುದಕ್ಕೆ ಗೆಸ್ಟ್ ಅಡಿಷನ್ಸ್ ಎಂಬ ತಂತ್ರಾಂಶವನ್ನು ಉಬುಂಟುವಿನೊಳಗೆ ಸ್ಥಾಪಿಸಬೇಕು. ಅದು ಕರ್ನೆಲ್‌ಗೆ ಸೇರುವ ಭಾಗಗಳನ್ನು ಅಲ್ಲಿಯೇ ಕಂಪೈಲ್ ಮಾಡಿಕೊಳ್ಳುತ್ತದೆಯಾದ್ದರಿಂದ, ಕಂಪೈಲರ್ ಹಾಗೂ ನಿಮ್ಮ ಕರ್ನೆಲ್‌ಗೆ ಹೊಂದುವ ಹೆಡರ್ ಕಡತಗಳನ್ನು ಮೊದಲೇ ಹಾಕಿಕೊಳ್ಳಿ. ಇವನ್ನು ಮರೆತು, ಸ್ಥಾಪನೆ ವಿಫಲವಾಯಿತು ಎಂದು ಬೇಸರಪಡುವವರೇ ಹೆಚ್ಚು. ನಂತರ ಡಿವೈಸಸ್ ಮೆನುವಿನಿಂದ ಗೆಸ್ಟ್ ಅಡಿಷನ್ಸ್ ಸಿಡಿಯನ್ನು ಸೇರಿಸಿ, ಅದರಲ್ಲಿರುವ ಸ್ಥಾಪನೆಯ ಕಡತವನ್ನು ಓಡಿಸಿ, ಯಂತ್ರವನ್ನು ಮರಳಿ ಶುರುಮಾಡಿ.

ಎರಡೂ ಕಡೆ ಬಳಸುವ ಹಂಚಿಕೆಯ ಫೋಲ್ಡರ್ ಕೂಡ ಇದರಿಂದಲೇ ಸಾಧ್ಯವಾಗುತ್ತದೆ. ಆದರೆ ನಿಮ್ಮ ಬಳಕೆದಾರ ಖಾತೆಯನ್ನು ವಿಬಾಕ್ಸ್‌ಎಸ್‌ಎಫ್ ಎಂಬ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಮರಳಿ ಬರುವವರೆಗೆ ಆ ಫೋಲ್ಡರ್ ತೆರೆಯಲು ಅನುಮತಿ ಸಿಗುವುದಿಲ್ಲ. ಕನ್ನಡ ಟೈಪಿಸುವವರಿಗೆ ಒಂದು ಮಾತು: ಹೊರಗಿನ ವಿಂಡೋಸ್‌ನಲ್ಲಿರುವ ಕನ್ನಡ ಕೀಲಿಮಣೆ ಒಳಗೆ ಬರುವುದಿಲ್ಲ. ವರ್ಚುವಲ್ ಯಂತ್ರಕ್ಕೆ ಸಾಗುವುದು ಯಾವ ಕೀಲಿ ಒತ್ತಿದಿರಿ ಎಂಬ ಸಂಕೇತ ಮಾತ್ರ, ಮೂಡಿದ ಅಕ್ಷರವಲ್ಲ. ಆದ್ದರಿಂದ ಉಬುಂಟುವಿನೊಳಗೂ ಕನ್ನಡದ ವಿನ್ಯಾಸವನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. 3072 ಎಂಬಿ ಮತ್ತು ಎರಡು ಪ್ರೊಸೆಸರ್‌ಗಳಿಗೆ ಇಳಿಸಿದೆ. ಕಡಿಮೆ ಕೊಟ್ಟ ಮೇಲೆ ವೇಗ ಹೆಚ್ಚಿದ್ದನ್ನು ಕಣ್ಣಾರೆ ಕಂಡೆ. ಡಿಸ್ಕ್‌ನ ಅಂಕಣ ಊಹಿಸಿದಂತೆಯೇ ಮೊದಲು ಪೂರ್ತಿ ತುಂಬಿರುತ್ತಿತ್ತು, ಈಗ ಶಾಂತವಾಗಿದೆ. ಟರ್ಮಿನಲ್ ಎರಡು ಮೂರು ಸೆಕೆಂಡುಗಳಲ್ಲಿ ತೆರೆಯುತ್ತದೆ. ಪರದೆಯೂ ಕಿಟಕಿಯೊಂದಿಗೆ ಹಿಗ್ಗುತ್ತಿದೆ. ಆಮೆ ಅಲ್ಲಿಯೇ ಇದೆ, ಆದರೆ ಮೆಮೊರಿ ಇಂಟೆಗ್ರಿಟಿಯ ಬಗ್ಗೆ ಓದಿದ ಮೇಲೆ ಅದನ್ನು ಮುಚ್ಚುವ ಮನಸ್ಸಾಗಲಿಲ್ಲ.

ಈಗ ಇನ್ನೆರಡು ಸಂದೇಹಗಳು. ಕಳೆದ ವಾರ ದೊಡ್ಡ ಕಡತಗಳನ್ನು ಒಳಗೆ ಇಳಿಸಿಕೊಂಡು ಪ್ರಯೋಗ ಮಾಡಿ ಅಳಿಸಿಹಾಕಿದೆ. ಉಬುಂಟು ತನ್ನಲ್ಲಿ ಸುಮಾರು 12 ಜಿಬಿ ಬಳಕೆಯಾಗಿದೆ ಎನ್ನುತ್ತದೆ, ಆದರೆ ವಿಂಡೋಸ್‌ನಲ್ಲಿ ನೋಡಿದರೆ ವರ್ಚುವಲ್ ಯಂತ್ರದ ಡಿಸ್ಕ್ ಆಗಿರುವ ವಿಡಿಐ ಕಡತ 30 ಜಿಬಿ ಇದೆ. ಇದರ ಜೊತೆಗೆ ಸ್ನ್ಯಾಪ್‌ಶಾಟ್ಸ್ ಎಂಬ ಫೋಲ್ಡರ್‌ನಲ್ಲಿ ಉದ್ದುದ್ದ ಹೆಸರಿನ ಇನ್ನೂ ಮೂರು ವಿಡಿಐ ಕಡತಗಳಿವೆ. ಜಾಗ ಬೇಕಾಗಿರುವುದರಿಂದ ಅವನ್ನು ಅಳಿಸಬಹುದೇ? ಎರಡನೆಯದಾಗಿ, ನಂಬಿಕೆಯಿಲ್ಲದ ತಂತ್ರಾಂಶಗಳನ್ನು ಈ ವರ್ಚುವಲ್ ಯಂತ್ರದೊಳಗೆ ಓಡಿಸಿ ನೋಡಿದರೆ ಹೊರಗಿನ ವಿಂಡೋಸ್‌ಗೆ ಯಾವ ಅಪಾಯವೂ ಇಲ್ಲವೆಂದು ನಂಬಬಹುದೇ?

ಐದನೆಯ ಉತ್ತರ

ದಯವಿಟ್ಟು ಆ ಮೂರು ಕಡತಗಳನ್ನು ಮುಟ್ಟಬೇಡಿ. ಉಳಿದದ್ದನ್ನು ಆಮೇಲೆ ಓದಿದರೂ ಸರಿ, ಇಷ್ಟನ್ನು ಈಗಲೇ ಗಮನಿಸಿ.

ಇದನ್ನು ಇಷ್ಟು ಆತುರದಿಂದ ಬರೆಯಲು ಕಾರಣ ನನ್ನದೇ ಅನುಭವ. ಕೆಲವು ವರ್ಷಗಳ ಹಿಂದೆ ನನ್ನ ಡಿಸ್ಕ್ ತುಂಬಿದಾಗ, ಮುಖ್ಯ ಕಡತ ಇನ್ನೊಂದಿದೆಯಲ್ಲ, ಇವು ಹಳೆಯ ಪ್ರತಿಗಳಿರಬೇಕು ಎಂದು ತಿಳಿದು ಅಂಥದೇ ಕಡತಗಳನ್ನು ಫೋಲ್ಡರ್‌ನಿಂದ ನೇರವಾಗಿ ಅಳಿಸಿದೆ. ಮರುದಿನ ಯಂತ್ರ ಶುರುವಾಗಲಿಲ್ಲ. ನಾಲ್ಕು ತಿಂಗಳು ಕಟ್ಟಿದ್ದ ಕೆಲಸ ಹೋಯಿತು. ಸ್ನ್ಯಾಪ್‌ಶಾಟ್ ಎಂದರೆ ಪ್ರತಿ ಎಂದು ನಾನು ತಿಳಿದದ್ದೇ ತಪ್ಪಾಗಿತ್ತು. ಬೇಕಾದಾಗ ಮರಳಲೆಂದು ಯಂತ್ರದ ಸ್ಥಿತಿಯನ್ನು ಗುರುತಿಟ್ಟುಕೊಳ್ಳುವುದೇ ಸ್ನ್ಯಾಪ್‌ಶಾಟ್; ಅದನ್ನು ತೆಗೆದ ಕ್ಷಣದಲ್ಲಿ ಮೂಲ ಕಡತ ಅಲ್ಲಿಗೆ ಹೆಪ್ಪುಗಟ್ಟುತ್ತದೆ. ಆಮೇಲೆ ನೀವು ಬರೆಯುವ ಪ್ರತಿಯೊಂದು ಬದಲಾವಣೆಯೂ ಹೊಸದೊಂದು ಕಡತಕ್ಕೆ ಹೋಗುತ್ತದೆ. ಹಾಗಾಗಿ ಆ ಉದ್ದ ಹೆಸರಿನ ಕಡತಗಳಲ್ಲಿ ಇರುವುದು ನಿಮ್ಮ ಇತ್ತೀಚಿನ ಕೆಲಸವೇ. ಒಂದು ಕೊಂಡಿ ಕಳಚಿದರೆ ಅದರ ಮುಂದಿನದು ಯಾವುದೂ ನಿಲ್ಲುವುದಿಲ್ಲ. ಸ್ನ್ಯಾಪ್‌ಶಾಟ್ ಬೇಡವೆನಿಸಿದರೆ ವರ್ಚುವಲ್‌ಬಾಕ್ಸ್‌ನೊಳಗಿನ ಸ್ನ್ಯಾಪ್‌ಶಾಟ್ ಪಟ್ಟಿಯಿಂದಲೇ ಅಳಿಸಿ. ಆಗ ಅದು ಬದಲಾವಣೆಗಳನ್ನು ಪಕ್ಕದ ಕಡತದೊಂದಿಗೆ ಬೆಸೆಯುತ್ತದೆ. ಬೆಸೆಯುವಾಗ ತಾತ್ಕಾಲಿಕವಾಗಿ ಹೆಚ್ಚಿನ ಜಾಗ ಬೇಕಾಗಬಹುದು, ಆದ್ದರಿಂದ ಡಿಸ್ಕ್ ಪೂರ್ತಿ ತುಂಬುವ ಮೊದಲೇ ಈ ಕೆಲಸ ಮಾಡಿ. ಡಿಸ್ಕ್ ತುಂಬಿಯೇ ಹೋದರೆ ವರ್ಚುವಲ್‌ಬಾಕ್ಸ್ ಯಂತ್ರವನ್ನು ನಡುವೆಯೇ ತಡೆದು ನಿಲ್ಲಿಸುತ್ತದೆ.

ವಿಡಿಐ ಕಡತ ಕುಗ್ಗದಿರುವುದಕ್ಕೆ ಕಾರಣ ಸರಳ. ಉಬುಂಟುವಿನಲ್ಲಿ ಕಡತ ಅಳಿಸಿದಾಗ ಅದರ ಹೆಸರು ಮತ್ತು ಲೆಕ್ಕ ಮಾತ್ರ ಅಳಿಯುತ್ತವೆ, ಅಕ್ಷರಗಳು ಡಿಸ್ಕ್‌ನ ಮೇಲೆ ಹಾಗೆಯೇ ಇರುತ್ತವೆ. ಹೊರಗಿನಿಂದ ನೋಡುವ ವರ್ಚುವಲ್‌ಬಾಕ್ಸ್‌ಗೆ ಯಾವ ಜಾಗ ಖಾಲಿ, ಯಾವುದು ಬಳಕೆಯಲ್ಲಿದೆ ಎಂಬುದು ತಿಳಿಯದು. ಅಗತ್ಯ ಬಿದ್ದಂತೆ ಬೆಳೆಯುವ ಡಿಸ್ಕ್ ಎಂದು ನೀವು ಆರಿಸಿಕೊಂಡಿದ್ದರೂ ಅದು ಬೆಳೆಯುವುದಷ್ಟೇ ತಾನಾಗಿ, ಕುಗ್ಗಿಸುವುದು ನಿಮ್ಮ ಕೆಲಸ. ಸ್ನ್ಯಾಪ್‌ಶಾಟ್‌ಗಳನ್ನು ಮೇಲೆ ಹೇಳಿದಂತೆ ಬೆಸೆದ ಬಳಿಕ, ಉಬುಂಟುವನ್ನು ರಿಕವರಿ ಸ್ಥಿತಿಯಲ್ಲಿ ತೆರೆದು, ಡಿಸ್ಕನ್ನು ಓದಲು ಮಾತ್ರ ಅವಕಾಶವಿರುವಂತೆ ಜೋಡಿಸಿ, ಜೀರೋಫ್ರೀ ಎಂಬ ಉಪಕರಣದಿಂದ ಖಾಲಿ ಜಾಗವನ್ನೆಲ್ಲ ಸೊನ್ನೆಗಳಿಂದ ತುಂಬಿ. ನಂತರ ಯಂತ್ರವನ್ನು ನಿಲ್ಲಿಸಿ, ವಿಂಡೋಸ್‌ನ ಕಡೆಯಿಂದ ವಿಬಾಕ್ಸ್‌ಮ್ಯಾನೇಜ್ ಆದೇಶದ ಮಾಡಿಫೈಮೀಡಿಯಂ ವಿಭಾಗದಲ್ಲಿರುವ ಕಾಂಪ್ಯಾಕ್ಟ್ ಆಯ್ಕೆಯನ್ನು ಆ ವಿಡಿಐ ಕಡತದ ಮೇಲೆ ಓಡಿಸಿ. ಬರೀ ಸೊನ್ನೆಗಳಿರುವ ತುಣುಕುಗಳನ್ನು ಅದು ಬಿಟ್ಟುಹಾಕುತ್ತದೆ.

ಇದಕ್ಕೆಲ್ಲ ಮುಂಚೆ ಯಂತ್ರವನ್ನು ಪೂರ್ಣವಾಗಿ ನಿಲ್ಲಿಸಿ, ಎಕ್ಸ್‌ಪೋರ್ಟ್ ಅಪ್ಲಯನ್ಸ್ ಆಯ್ಕೆಯಿಂದ ಇಡೀ ಯಂತ್ರವನ್ನು ಒವಿಎ ಕಡತವಾಗಿ ಹೊರಗಿನ ಡಿಸ್ಕ್‌ಗೆ ಉಳಿಸಿ. ಅದರಲ್ಲಿ ಸ್ನ್ಯಾಪ್‌ಶಾಟ್‌ಗಳ ಇತಿಹಾಸ ಬರುವುದಿಲ್ಲ, ಈಗಿನ ಸ್ಥಿತಿ ಮಾತ್ರ ಬರುತ್ತದೆ. ನಿಮಗೆ ಬೇಕಾಗಿರುವುದೂ ಅದೇ.

ಎರಡನೆಯ ಉತ್ತರ ಬರೆದವರು

ಸುರಕ್ಷತೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಒಳಗಿನ ತಂತ್ರಾಂಶ ಗೋಡೆಯನ್ನು ಒಡೆದು ಹೊರಬರುವುದು ಅಪರೂಪ, ಆದರೆ ಅಸಾಧ್ಯವಲ್ಲ. 2015ರಲ್ಲಿ ವೆನಮ್ ಎಂಬ ಹೆಸರಿನಿಂದ ಪ್ರಕಟವಾದ ದೋಷ ಇದಕ್ಕೆ ಒಳ್ಳೆಯ ನಿದರ್ಶನ. ವರ್ಚುವಲ್ ಯಂತ್ರಗಳನ್ನು ನಡೆಸುವ ಇನ್ನೊಂದು ತಂತ್ರಾಂಶವಾದ ಕ್ಯೂಎಮು ಹಳೆಯ ಫ್ಲಾಪಿ ಡ್ರೈವ್ ಅನ್ನು ಅನುಕರಿಸಲೆಂದು ಇಟ್ಟುಕೊಂಡಿದ್ದ ಭಾಗದಲ್ಲಿ ಆ ದೋಷವಿತ್ತು. ಅದೇ ಭಾಗವನ್ನು ವರ್ಚುವಲ್‌ಬಾಕ್ಸ್ ಕೂಡ ಬಳಸಿಕೊಂಡಿತ್ತು. ಯಾರೂ ಫ್ಲಾಪಿ ಬಳಸದಿದ್ದರೂ ಆ ಭಾಗ ಅಲ್ಲಿತ್ತು ಎಂಬುದೇ ಗಮನಿಸಬೇಕಾದ ಸಂಗತಿ. ದೋಷ ತಿಳಿದ ಕೂಡಲೇ ತಿದ್ದುಪಡಿಗಳು ಬಂದವು, ಆದ್ದರಿಂದ ವರ್ಚುವಲ್‌ಬಾಕ್ಸ್‌ನ ಹೊಸ ಆವೃತ್ತಿ ಬಂದಾಗ ತಡಮಾಡದೆ ಹಾಕಿಕೊಳ್ಳಿ.

ಆದರೆ ಗೋಡೆ ಒಡೆಯುವವರಿಗಿಂತ ನಾವೇ ತೆರೆದಿಟ್ಟ ಬಾಗಿಲುಗಳು ನನಗೆ ಹೆಚ್ಚು ಚಿಂತೆ ತರುತ್ತವೆ. ಹಂಚಿಕೆಯ ಫೋಲ್ಡರ್‌ಗೆ ಬರೆಯುವ ಅನುಮತಿ ಕೊಟ್ಟಿದ್ದರೆ, ಒಳಗಿನ ದುಷ್ಟ ತಂತ್ರಾಂಶ ಅದರಲ್ಲಿರುವ ನಿಮ್ಮ ವಿಂಡೋಸ್‌ನ ಕಡತಗಳನ್ನು ಕೆಡಿಸಲು ಯಾವ ಗೋಡೆಯನ್ನೂ ಒಡೆಯಬೇಕಾಗಿಲ್ಲ. ಕ್ಲಿಪ್‌ಬೋರ್ಡ್ ಎರಡೂ ಕಡೆಗೆ ತೆರೆದಿದ್ದರೆ ನೀವು ವಿಂಡೋಸ್‌ನಲ್ಲಿ ನಕಲಿಸಿದ ಪಾಸ್‌ವರ್ಡ್ ಒಳಗಿನಿಂದ ಓದಲು ಸಿಗುತ್ತದೆ. ಇನ್ನು ನೆಟ್‌ವರ್ಕ್. ಸಾಮಾನ್ಯವಾಗಿ ಇರುವುದು ನ್ಯಾಟ್ ಜೋಡಣೆ, ಅಂದರೆ ಒಳಗಿನ ಯಂತ್ರ ಹೊರಗಿನ ಯಂತ್ರದ ವಿಳಾಸದ ಮರೆಯಲ್ಲಿ ಅಂತರ್ಜಾಲ ಬಳಸುವ ಏರ್ಪಾಟು; ಅದರಲ್ಲಿ ಒಳಗಿನ ಯಂತ್ರಕ್ಕೆ 10.0.2.15 ಎಂಬ ವಿಳಾಸ ಸಿಗುತ್ತದೆ, ಹೊರಗಿನವರು ಅದನ್ನು ನೇರವಾಗಿ ತಲುಪಲಾರರು. ಇದನ್ನು ಕೇಳಿದ ಹಲವರು ಒಳಗಿನಿಂದಲೂ ಹೊರಕ್ಕೆ ದಾರಿಯಿಲ್ಲವೆಂದು ತಿಳಿಯುತ್ತಾರೆ. ಹಾಗಲ್ಲ. ಒಳಗಿನ ತಂತ್ರಾಂಶ ಅಂತರ್ಜಾಲವನ್ನು ತಲುಪುವ ದಾರಿಯಲ್ಲೇ ನಿಮ್ಮ ವಿಂಡೋಸ್ ಯಂತ್ರವನ್ನೂ, ಅದೇ ರೌಟರ್‌ಗೆ ಸೇರಿರುವ ಪ್ರಿಂಟರ್, ಬೇರೆ ಕಂಪ್ಯೂಟರ್‌ಗಳನ್ನೂ ತಟ್ಟಿ ನೋಡಬಲ್ಲದು.

ನಂಬಿಕೆಯಿಲ್ಲದ್ದನ್ನು ಓಡಿಸುವುದಾದರೆ ಕಲಿಕೆಯ ಯಂತ್ರದಲ್ಲಿ ಬೇಡ. ಅದಕ್ಕೆಂದೇ ಬೇರೊಂದು ವರ್ಚುವಲ್ ಯಂತ್ರ ಮಾಡಿಕೊಂಡು, ಹಂಚಿಕೆಯ ಫೋಲ್ಡರ್ ಮತ್ತು ಕ್ಲಿಪ್‌ಬೋರ್ಡ್ ಎರಡನ್ನೂ ಮುಚ್ಚಿ, ನೆಟ್‌ವರ್ಕ್ ಅಡಾಪ್ಟರಿನ ತಂತಿಯನ್ನು ಸೆಟ್ಟಿಂಗ್ಸ್‌ನಲ್ಲಿ ಕಳಚಿ, ಶುದ್ಧ ಸ್ಥಿತಿಯಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟು, ಪ್ರಯೋಗ ಮುಗಿದ ಮೇಲೆ ಆ ಸ್ಥಿತಿಗೇ ಮರಳಿ. ಎರಡೂ ಯಂತ್ರಗಳನ್ನು ಒಟ್ಟಿಗೆ ಓಡಿಸಬೇಡಿ. 8 ಜಿಬಿಯಲ್ಲಿ ಅದಕ್ಕೆ ಸ್ಥಳವಿಲ್ಲ.

ಪ್ರಶ್ನೆ ಕೇಳಿದವರು

ಐದನೆಯ ಉತ್ತರವನ್ನು ಓದುವಾಗ ಆ ಫೋಲ್ಡರ್ ನನ್ನ ಮುಂದೆ ತೆರೆದೇ ಇತ್ತು. ಸಕಾಲಕ್ಕೆ ತಡೆದಿದ್ದಕ್ಕೆ ಋಣಿಯಾಗಿದ್ದೇನೆ. ಮೊದಲು ಒವಿಎ ಕಡತವನ್ನು ಹೊರಗಿನ ಡಿಸ್ಕ್‌ಗೆ ಉಳಿಸಿಕೊಂಡೆ. ಮೂರು ಸ್ನ್ಯಾಪ್‌ಶಾಟ್‌ಗಳನ್ನು ಪಟ್ಟಿಯಿಂದಲೇ ಅಳಿಸಿ ಬೆಸೆಯಲು ಸಾಕಷ್ಟು ಹೊತ್ತು ಹಿಡಿಯಿತು. ಜೀರೋಫ್ರೀ ಹಾಗೂ ಕಾಂಪ್ಯಾಕ್ಟ್ ಆದ ಮೇಲೆ ವಿಡಿಐ ಕಡತ 13 ಜಿಬಿಗೆ ಇಳಿದಿದೆ, ಉಬುಂಟು ಎಂದಿನಂತೆ ತೆರೆಯುತ್ತಿದೆ. ಹಂಚಿಕೆಯ ಫೋಲ್ಡರನ್ನು ಓದಲು ಮಾತ್ರ ಅವಕಾಶವಿರುವಂತೆ ಬದಲಿಸಿ, ಕ್ಲಿಪ್‌ಬೋರ್ಡನ್ನು ಮುಚ್ಚಿದ್ದೇನೆ.